ಹದಿನಾಲ್ಕು ದಿನಗಳ ನಿಯಮ

ಹದಿನಾಲ್ಕು ದಿನಗಳ ನಿಯಮ ಎಂಬುದು ಪ್ರಯೋಗಾಲಯದಲ್ಲಿ ಮಾನವ ಭ್ರೂಣವನ್ನು ಎಷ್ಟು ಕಾಲ ಬೆಳೆಸಬಹುದು ಎಂಬುದಕ್ಕೆ ಮಿತಿ ವಿಧಿಸುವ ಕಾನೂನಾತ್ಮಕ ಹಾಗೂ ನೈತಿಕ ನಿಯಮವಾಗಿದೆ. ಸ್ತ್ರೀಯ ಶರೀರದ ಹೊರಗೆ ರೂಪುಗೊಂಡ ಭ್ರೂಣವನ್ನು ಫಲೀಕರಣದಿಂದ ಹದಿನಾಲ್ಕು ದಿನಗಳಾದ ಮೇಲೆ, ಅಥವಾ ಅದರಲ್ಲಿ ‘ಆದಿರೇಖೆ’ ಕಾಣಿಸಿಕೊಂಡ ಮೇಲೆ, ಇವುಗಳಲ್ಲಿ ಯಾವುದು ಮೊದಲೋ ಅದನ್ನು ಮೀರಿ ಸಂಶೋಧನೆಗಾಗಿ ಜೀವಂತವಾಗಿ ಇರಿಸಿಕೊಳ್ಳಬಾರದು ಎಂಬುದು ಈ ನಿಯಮದ ಸಾರ. 1979ರಲ್ಲಿ ಅಮೆರಿಕದಲ್ಲಿ ಮೊದಲು ಸೂಚಿತವಾದ ಈ ಮಿತಿಯು 1984ರಲ್ಲಿ ಬ್ರಿಟನ್ನಿನ ವಾರ್ನಾಕ್ ಸಮಿತಿಯ ವರದಿಯಿಂದ ಪ್ರಸಿದ್ಧಿ ಪಡೆಯಿತು. 1990ರಲ್ಲಿ ಅಲ್ಲಿನ ಸಂಸತ್ತು ಅದನ್ನು ಶಾಸನವಾಗಿಸಿತು. ಆನಂತರ ಭಾರತವೂ ಸೇರಿದಂತೆ ಅನೇಕ ದೇಶಗಳು ಇದನ್ನು ಕಾನೂನಿನ ಮೂಲಕವೋ ಮಾರ್ಗಸೂಚಿಯ ಮೂಲಕವೋ ಅಂಗೀಕರಿಸಿವೆ.

ಮನುಷ್ಯ ಜೀವನ ಯಾವ ಕ್ಷಣದಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಈ ನಿಯಮ ಉತ್ತರ ಹೇಳುವುದಿಲ್ಲ. ಆ ಪ್ರಶ್ನೆಯಲ್ಲಿ ಒಮ್ಮತ ಅಸಾಧ್ಯವೆನಿಸಿದಾಗ, ಭಿನ್ನಮತದವರೂ ಒಂದೇ ಕಾನೂನಿನ ಅಡಿಯಲ್ಲಿ ಬಾಳಲು ಕಂಡುಕೊಂಡ ಒಪ್ಪಂದವೆಂದು ಇದನ್ನು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಭ್ರೂಣವು ಕೇವಲ ವಸ್ತುವೂ ಅಲ್ಲ, ಹುಟ್ಟಿದ ಮಗುವಿಗೆ ಸಮಾನವಾದ ವ್ಯಕ್ತಿಯೂ ಅಲ್ಲ ಎಂಬ ನಡುವಣ ನಿಲುವು ಇದರ ಆಧಾರವಾಗಿದೆ.

ಜೈವಿಕ ಹಿನ್ನೆಲೆ

ಅಂಡಾಣು ಮತ್ತು ವೀರ್ಯಾಣುಗಳ ಸಂಯೋಗದಿಂದ ಯುಗ್ಮಜ ಎಂಬ ಒಂದೇ ಜೀವಕೋಶ ಉಂಟಾಗುತ್ತದೆ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ವಿಭಜನೆಗೊಳ್ಳುತ್ತ ಐದಾರು ದಿನಗಳಲ್ಲಿ ನೂರಕ್ಕೂ ಹೆಚ್ಚು ಕೋಶಗಳ ಟೊಳ್ಳು ಚೆಂಡಿನಂತಾಗುತ್ತದೆ. ಈ ಹಂತವನ್ನು ಬ್ಲಾಸ್ಟೊಸಿಸ್ಟ್ ಎನ್ನುತ್ತಾರೆ. ಅದರ ಹೊರಪದರದ ಕೋಶಗಳು ಮುಂದೆ ಜರಾಯುವಿನ, ಅಂದರೆ ಮಾಸಿನ, ಭಾಗಗಳಾಗುತ್ತವೆ. ಒಳಗಿನ ಕೋಶಗಳ ಪುಟ್ಟ ಗುಂಪಿನಿಂದ ಮಗುವಿನ ಶರೀರ ರೂಪುಗೊಳ್ಳುತ್ತದೆ. ಸಂಶೋಧಕರು ಭ್ರೂಣೀಯ ಆಕರಕೋಶಗಳನ್ನು ಪಡೆಯುವುದು ಈ ಒಳಗುಂಪಿನಿಂದಲೇ. ಸಹಜ ಗರ್ಭಧಾರಣೆಯಲ್ಲಿ ಸುಮಾರು ಆರನೆಯ ದಿನದ ನಂತರ ಭ್ರೂಣವು ಗರ್ಭಕೋಶದ ಭಿತ್ತಿಗೆ ಅಂಟಿಕೊಳ್ಳತೊಡಗುತ್ತದೆ. ಎರಡನೆಯ ವಾರದ ಕೊನೆಯ ಹೊತ್ತಿಗೆ ಈ ಕ್ರಿಯೆ ಮುಗಿಯುತ್ತದೆ. ಫಲಿತವಾದ ಅಂಡಗಳಲ್ಲಿ ಗಣನೀಯ ಭಾಗ ಹೀಗೆ ನೆಲೆಗೊಳ್ಳದೆ, ಸ್ತ್ರೀಯ ಅರಿವಿಗೇ ಬಾರದೆ ನಶಿಸಿಹೋಗುತ್ತದೆ.

ಸುಮಾರು ಹದಿನೈದನೆಯ ದಿನ ತಟ್ಟೆಯಾಕಾರದ ಭ್ರೂಣದ ಮೇಲೆ ಒಂದು ಗೆರೆ ಮೂಡುತ್ತದೆ. ಭ್ರೂಣಶಾಸ್ತ್ರದಲ್ಲಿ ಪ್ರಿಮಿಟಿವ್ ಸ್ಟ್ರೀಕ್ ಎಂದು ಹೆಸರಾದ ಇದನ್ನು ಕನ್ನಡದಲ್ಲಿ ಆದಿರೇಖೆ ಎನ್ನಬಹುದು. ಶರೀರದ ತಲೆ ಯಾವ ಕಡೆ, ಎಡ ಬಲಗಳು ಯಾವುವು ಎಂಬುದು ಈ ರೇಖೆಯಿಂದ ನಿರ್ಧಾರವಾಗುತ್ತದೆ. ರೇಖೆ ಮೂಡುವ ಮುನ್ನ ಒಂದು ಭ್ರೂಣ ಎರಡಾಗಿ ಒಡೆದು ಏಕರೂಪಿ ಅವಳಿಗಳಾಗುವ ಸಾಧ್ಯತೆ ಉಳಿದಿರುತ್ತದೆ. ಮೂಡಿದ ಮೇಲೆ ಅದು ಸಾಮಾನ್ಯವಾಗಿ ಉಳಿಯುವುದಿಲ್ಲ. ನರಮಂಡಲದ ಮೊದಲ ಕುರುಹುಗಳು ಇದರ ನಂತರ, ಮೂರನೆಯ ವಾರದಲ್ಲಿ ಕಾಣಿಸುತ್ತವೆ. ಆದ್ದರಿಂದ ಹದಿನಾಲ್ಕನೆಯ ದಿನದವರೆಗಿನ ಭ್ರೂಣಕ್ಕೆ ನೋವಿನ ಅನುಭವ ಇರಲಾರದು ಎಂಬುದರಲ್ಲಿ ವಿಜ್ಞಾನಿಗಳಿಗೆ ಸಂದೇಹವಿಲ್ಲ.

ಪ್ರಾಚೀನ ಚಿಂತನೆ

ಗರ್ಭಸ್ಥ ಜೀವದ ಬೆಳವಣಿಗೆಯನ್ನು ದಿನಗಳಿಂದ ಎಣಿಸಿ, ಅದಕ್ಕೆ ತಕ್ಕಂತೆ ಅದರ ಸ್ಥಾನವನ್ನು ನಿರ್ಧರಿಸುವ ಯತ್ನ ಹೊಸದಲ್ಲ. ಗರ್ಭೋಪನಿಷತ್ತು ಮೊದಲ ರಾತ್ರಿಯ ಸ್ಥಿತಿಯನ್ನು ಕಲಲವೆಂದೂ ಏಳು ರಾತ್ರಿಗಳ ನಂತರದ್ದನ್ನು ಬುದ್ಬುದವೆಂದೂ ಅರ್ಧಮಾಸದ್ದನ್ನು ಪಿಂಡವೆಂದೂ ಹೆಸರಿಸಿ, ಏಳನೆಯ ತಿಂಗಳಲ್ಲಿ ಜೀವವು ಕೂಡಿಕೊಳ್ಳುತ್ತದೆ ಎನ್ನುತ್ತದೆ. ಚರಕಸಂಹಿತೆಯ ಶಾರೀರಸ್ಥಾನದ ಪ್ರಕಾರ ಶುಕ್ರ ಶೋಣಿತಗಳು ಗರ್ಭಾಶಯದಲ್ಲಿ ಕೂಡುವಾಗಲೇ ಜೀವವೂ ಅದರೊಡನೆ ಸೇರುತ್ತದೆ. ಧರ್ಮಶಾಸ್ತ್ರ ಗ್ರಂಥಗಳು ಭ್ರೂಣಹತ್ಯೆಯನ್ನು ಮಹಾಪಾತಕಗಳ ಸಾಲಿನಲ್ಲಿ ಇರಿಸಿದವು. ಒಂದೇ ಪರಂಪರೆಯ ಒಳಗೆ ಈ ವಿಷಯದಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳಿದ್ದವು ಎಂಬುದಕ್ಕೆ ಇವು ನಿದರ್ಶನ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಗಂಡು ಭ್ರೂಣ ನಲವತ್ತನೆಯ ದಿನದ ಹೊತ್ತಿಗೂ ಹೆಣ್ಣು ಭ್ರೂಣ ತೊಂಬತ್ತನೆಯ ದಿನದ ಹೊತ್ತಿಗೂ ಆಕಾರ ತಳೆಯುತ್ತದೆಂದು ಭಾವಿಸಿದ್ದನು. ಯೆಹೂದ್ಯರ ತಾಲ್ಮುಡ್ ನಲವತ್ತು ದಿನಗಳೊಳಗಿನ ಭ್ರೂಣವನ್ನು ಕೇವಲ ನೀರೆಂದು ಪರಿಗಣಿಸುತ್ತದೆ. ಇಸ್ಲಾಮೀ ವಿದ್ವಾಂಸರಲ್ಲಿ ಹಲವರು ಗರ್ಭಕ್ಕೆ ಆತ್ಮ ಸೇರುವುದು 120 ದಿನಗಳಲ್ಲಿ ಎಂದೂ ಕೆಲವರು ನಲವತ್ತು ದಿನಗಳಲ್ಲಿ ಎಂದೂ ಹೇಳಿದ್ದಾರೆ. ರೋಮನ್ ಕ್ಯಾಥೊಲಿಕ್ ಚರ್ಚಿನ ಈಗಿನ ಬೋಧನೆಯಂತೆ ಭ್ರೂಣವನ್ನು ಮೊದಲ ಕ್ಷಣದಿಂದಲೇ ವ್ಯಕ್ತಿಯಂತೆ ಗೌರವಿಸಬೇಕು. 1987ರ ‘ದೋನುಂ ವೀತೆ’ ಮತ್ತು 2008ರ ‘ದಿಗ್ನಿತಾಸ್ ಪೆರ್ಸೋನೆ’ ಎಂಬ ಬೋಧನಾ ಪತ್ರಗಳು ಇದನ್ನು ಸ್ಪಷ್ಟಪಡಿಸಿವೆ.

ಈ ಎಲ್ಲ ಚಿಂತನೆಗಳಲ್ಲಿಯೂ ಭ್ರೂಣವು ತಾಯಿಯ ಗರ್ಭದಲ್ಲಿಯೇ ಇರುತ್ತಿತ್ತು. ಅದನ್ನು ಗಾಜಿನ ತಟ್ಟೆಯಲ್ಲಿ ಕಣ್ಣೆದುರಿಗೆ ಇಟ್ಟುಕೊಂಡು, ಮುಂದೇನು ಮಾಡಬೇಕೆಂದು ಕೇಳುವ ಸನ್ನಿವೇಶ 20ನೇ ಶತಮಾನದ ಉತ್ತರಾರ್ಧದಲ್ಲಿ ಮಾತ್ರ ಒದಗಿಬಂದಿತು.

ನಿಯಮದ ಉಗಮ

ಜುಲೈ 25, 1978ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ನಗರದ ಆಸ್ಪತ್ರೆಯಲ್ಲಿ ಪ್ರಪಂಚದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಳು. ಇದನ್ನು ಸಾಧಿಸಿದವರು ಶರೀರಕ್ರಿಯಾ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ಸ್ತ್ರೀರೋಗತಜ್ಞ ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ದಾದಿ ಹಾಗೂ ಭ್ರೂಣತಜ್ಞೆ ಜೀನ್ ಪರ್ಡಿ. ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಉಳಿದಿಬ್ಬರೂ ಅಷ್ಟರಲ್ಲಿ ತೀರಿಕೊಂಡಿದ್ದರು.

ಮಕ್ಕಳಿಲ್ಲದ ದಂಪತಿಗಳಿಗೆ ಭರವಸೆ ನೀಡಿದ ಈ ವಿಧಾನವು ಜೊತೆಯಲ್ಲಿಯೇ ಹೊಸ ಪ್ರಶ್ನೆಯನ್ನೂ ತಂದಿತು. ಚಿಕಿತ್ಸೆಯಲ್ಲಿ ಹಲವು ಅಂಡಾಣುಗಳನ್ನು ಒಮ್ಮೆಗೆ ಫಲಿತಗೊಳಿಸುವುದರಿಂದ ಬಳಕೆಯಾಗದ ಭ್ರೂಣಗಳು ಉಳಿಯುತ್ತವೆ. ಅವುಗಳನ್ನು ಶೈತ್ಯದಲ್ಲಿ ಕಾಪಿಡಬೇಕೆ, ನಾಶಪಡಿಸಬೇಕೆ, ಸಂಶೋಧನೆಗೆ ಒಪ್ಪಿಸಬೇಕೆ ಎಂಬುದಕ್ಕೆ ಆಗ ಯಾವ ದೇಶದ ಕಾನೂನಿನಲ್ಲಿಯೂ ಸಿದ್ಧ ಉತ್ತರವಿರಲಿಲ್ಲ.

ಅಮೆರಿಕದ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ನೀತಿ ಸಲಹಾ ಮಂಡಳಿಯು 1979ರಲ್ಲಿ ಹದಿನಾಲ್ಕು ದಿನಗಳ ಮಿತಿಯನ್ನು ಮೊದಲ ಬಾರಿಗೆ ಸೂಚಿಸಿತು. ಭ್ರೂಣವು ಗರ್ಭಕೋಶದಲ್ಲಿ ನೆಲೆಗೊಳ್ಳುವ ಕ್ರಿಯೆ ಆ ಹೊತ್ತಿಗೆ ಪೂರ್ಣವಾಗುತ್ತದೆ ಎಂಬುದು ಅದು ನೀಡಿದ ಕಾರಣ. ಆದರೆ ಮಂಡಳಿಯೇ ಬೇಗ ಅಸ್ತಿತ್ವ ಕಳೆದುಕೊಂಡಿದ್ದರಿಂದ ಈ ಸಲಹೆ ಕಾರ್ಯರೂಪಕ್ಕೆ ಬರಲಿಲ್ಲ.

ಬ್ರಿಟಿಷ್ ಸರ್ಕಾರವು 1982ರಲ್ಲಿ ತತ್ತ್ವಶಾಸ್ತ್ರಜ್ಞೆ ಮೇರಿ ವಾರ್ನಾಕ್ (1924–2019) ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ವೈದ್ಯರು, ನ್ಯಾಯವೇತ್ತರು, ಸಮಾಜಸೇವಕರು, ಧರ್ಮಶಾಸ್ತ್ರಜ್ಞರು ಇದರಲ್ಲಿದ್ದರು. ಭ್ರೂಣದ ಬೆಳವಣಿಗೆಯ ಬಗ್ಗೆ ಸದಸ್ಯರಿಗೆ ತಿಳಿವಳಿಕೆ ನೀಡಿದವರು ಸಮಿತಿಯಲ್ಲಿದ್ದ ಜೀವವಿಜ್ಞಾನಿ ಆನ್ ಮೆಕ್‌ಲಾರೆನ್ (1927–2007). 1984ರಲ್ಲಿ ಹೊರಬಂದ ವರದಿಯು, ಜೀವನ ಯಾವಾಗ ಆರಂಭವಾಗುತ್ತದೆ, ಭ್ರೂಣ ಯಾವಾಗ ವ್ಯಕ್ತಿಯಾಗುತ್ತದೆ ಎಂಬ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಲು ಹೋಗದೆ, ಭ್ರೂಣದೊಡನೆ ಹೇಗೆ ನಡೆದುಕೊಳ್ಳುವುದು ಸರಿ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮಾನವ ಭ್ರೂಣಕ್ಕೆ ಕಾನೂನಿನಲ್ಲಿ ಒಂದಿಷ್ಟು ರಕ್ಷಣೆ ಇರಲೇಬೇಕು, ಆದರೆ ಅದು ಜೀವಂತ ಮಗುವಿನ ಅಥವಾ ವಯಸ್ಕನ ರಕ್ಷಣೆಗೆ ಸಮನಾಗಬೇಕಿಲ್ಲ ಎಂಬುದು ಸಮಿತಿಯ ತೀರ್ಮಾನವಾಗಿತ್ತು.

ಮಿತಿಯನ್ನು ಎಲ್ಲಿ ಇಡಬೇಕೆಂಬುದರಲ್ಲಿ ಭಿನ್ನ ಸಲಹೆಗಳಿದ್ದವು. ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ನರಮಂಡಲದ ಆರಂಭವನ್ನು ಆಧಾರವಾಗಿಟ್ಟುಕೊಂಡು 17 ದಿನಗಳನ್ನು ಸೂಚಿಸಿತ್ತು. ಸಮಿತಿಯು ಆದಿರೇಖೆಯನ್ನು ಗುರುತಾಗಿ ಆರಿಸಿ, ಅದಕ್ಕಿಂತ ತುಸು ಮುಂಚಿನ 14ನೆಯ ದಿನವನ್ನು ಗಡಿಯಾಗಿ ಇಟ್ಟಿತು. ಹೀಗೆ ಅಮೆರಿಕದ ಮಂಡಳಿ ಮತ್ತು ಬ್ರಿಟನ್ನಿನ ಸಮಿತಿ ಬೇರೆ ಬೇರೆ ಕಾರಣಗಳಿಂದ ಒಂದೇ ಸಂಖ್ಯೆಯನ್ನು ತಲುಪಿದವು. ಪ್ರತಿ ಭ್ರೂಣದಲ್ಲಿಯೂ ಒಂದೇ ಗಳಿಗೆಗೆ ರೇಖೆ ಮೂಡುವುದಿಲ್ಲವಾದರೂ ದಿನಗಳನ್ನು ಯಾರು ಬೇಕಾದರೂ ಎಣಿಸಬಹುದು. ಉಲ್ಲಂಘನೆಯಾಗಿದೆಯೋ ಇಲ್ಲವೋ ಎಂಬುದನ್ನು ನ್ಯಾಯಾಲಯ ನಿಶ್ಚಯವಾಗಿ ಹೇಳಬಹುದು. ನಿಯಮದ ಬಲ ಈ ಖಚಿತತೆಯಲ್ಲಿದೆ ಎಂದು ವಾರ್ನಾಕ್ ಮುಂದೆಯೂ ಪ್ರತಿಪಾದಿಸಿದರು.

ವರದಿ ಸರ್ವಾನುಮತದ್ದಾಗಿರಲಿಲ್ಲ. ಮೂವರು ಸದಸ್ಯರು ಭ್ರೂಣದ ಮೇಲಿನ ಸಂಶೋಧನೆಯನ್ನೇ ವಿರೋಧಿಸಿ ಭಿನ್ನಮತ ದಾಖಲಿಸಿದರು. ಇನ್ನೂ ನಾಲ್ವರು, ಉಳಿಕೆ ಭ್ರೂಣಗಳ ಬಳಕೆಯನ್ನು ಒಪ್ಪಿದರೂ ಸಂಶೋಧನೆಗೆಂದೇ ಭ್ರೂಣಗಳನ್ನು ಸೃಷ್ಟಿಸುವುದನ್ನು ಒಪ್ಪಲಿಲ್ಲ.

ಬ್ರಿಟನ್ನಿನ ಶಾಸನ

ವರದಿಯ ಬೆನ್ನಲ್ಲೇ ಸಂಸತ್ ಸದಸ್ಯ ಈನಕ್ ಪೊವೆಲ್ ಭ್ರೂಣ ಸಂಶೋಧನೆಯನ್ನು ಪೂರ್ಣವಾಗಿ ನಿಷೇಧಿಸುವ ಖಾಸಗಿ ಮಸೂದೆಯನ್ನು ಮಂಡಿಸಿದರು. 1985ರ ಫೆಬ್ರವರಿಯಲ್ಲಿ ಎರಡನೆಯ ವಾಚನದಲ್ಲಿ ಅದಕ್ಕೆ ಪರವಾಗಿ 238, ವಿರೋಧವಾಗಿ 66 ಮತಗಳು ಬಿದ್ದವು. ವಿರೋಧಿಗಳು ಚರ್ಚೆಯನ್ನು ಲಂಬಿಸಿ ಕಾಲ ಕಳೆದದ್ದರಿಂದ ಮಸೂದೆ ಮುಂದುವರಿಯಲಿಲ್ಲ. ಮುಂದಿನ ಐದು ವರ್ಷಗಳಲ್ಲಿ ವಿಜ್ಞಾನಿಗಳು, ಬಂಜೆತನ ಹಾಗೂ ಆನುವಂಶಿಕ ಕಾಯಿಲೆಗಳಿಂದ ನೊಂದ ಕುಟುಂಬಗಳು ಮತ್ತು ಸಂಶೋಧನೆಯನ್ನು ವಿರೋಧಿಸುವ ಸಂಘಟನೆಗಳು ಸಾರ್ವಜನಿಕವಾಗಿ ವಾದಿಸಿದವು. 1990ರ ಏಪ್ರಿಲ್‌ನಲ್ಲಿ ಪಕ್ಷದ ಸಚೇತಕಾಜ್ಞೆ ಇಲ್ಲದೆ ಮುಕ್ತ ಮತದಾನ ನಡೆದಾಗ, ಸಾಮಾನ್ಯರ ಸಭೆಯು 364–193 ಮತಗಳಿಂದ ನಿಯಂತ್ರಿತ ಸಂಶೋಧನೆಗೆ ಒಪ್ಪಿಗೆ ನೀಡಿತು.

ಹೀಗೆ ಜಾರಿಗೆ ಬಂದ 1990ರ ಮಾನವ ಫಲೀಕರಣ ಮತ್ತು ಭ್ರೂಣಶಾಸ್ತ್ರ ಕಾಯಿದೆಯು ಆದಿರೇಖೆ ಮೂಡಿದ ಭ್ರೂಣವನ್ನು ಇರಿಸಿಕೊಳ್ಳುವುದನ್ನಾಗಲಿ ಬಳಸುವುದನ್ನಾಗಲಿ ನಿಷೇಧಿಸುತ್ತದೆ. 14 ದಿನಗಳ ಅಂತ್ಯಕ್ಕೆ ರೇಖೆ ಮೂಡಿದೆ ಎಂದೇ ಭಾವಿಸಬೇಕೆಂದು ವಿಧಿಸುತ್ತದೆ. ಭ್ರೂಣವು ಶೈತ್ಯದಲ್ಲಿದ್ದ ಕಾಲ ಈ ಲೆಕ್ಕಕ್ಕೆ ಸೇರುವುದಿಲ್ಲ. ಪ್ರತಿಯೊಂದು ಸಂಶೋಧನೆಗೂ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಬೇಕು, ಅಂಡಾಣು ಮತ್ತು ವೀರ್ಯಾಣು ನೀಡಿದವರ ಲಿಖಿತ ಸಮ್ಮತಿ ಬೇಕು. ಪ್ರಾಧಿಕಾರವು 1991ರ ಆಗಸ್ಟ್‌ನಿಂದ ಕೆಲಸ ಆರಂಭಿಸಿತು. 2008ರಲ್ಲಿ ಕಾಯಿದೆಗೆ ವ್ಯಾಪಕ ತಿದ್ದುಪಡಿಗಳಾದಾಗಲೂ ಹದಿನಾಲ್ಕು ದಿನಗಳ ಮಿತಿ ಹಾಗೆಯೇ ಉಳಿಯಿತು.

ನೈತಿಕ ನಿಲುವುಗಳು

ಭ್ರೂಣದ ನೈತಿಕ ಸ್ಥಾನದ ಬಗೆಗಿನ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುವುದು ರೂಢಿ.

ಪೂರ್ಣ ಸ್ಥಾನದ ನಿಲುವು: ಫಲೀಕರಣದಿಂದಲೇ ಹೊಸ ಮಾನವ ಜೀವ ಆರಂಭವಾಗುತ್ತದೆ, ಅಂದಿನಿಂದ ಮರಣದವರೆಗಿನ ಬೆಳವಣಿಗೆ ಅಖಂಡವಾದದ್ದು, ಅದರ ನಡುವೆ ಎಲ್ಲಿ ಗೆರೆ ಎಳೆದರೂ ಅದು ಸ್ವೇಚ್ಛೆಯ ಗೆರೆಯೇ ಆಗುತ್ತದೆ ಎಂದು ಈ ಪಕ್ಷ ವಾದಿಸುತ್ತದೆ. ಇದರ ಪ್ರಕಾರ ಹದಿಮೂರನೆಯ ದಿನದ ಭ್ರೂಣವನ್ನು ನಾಶಪಡಿಸುವುದಕ್ಕೂ ಹದಿನೈದನೆಯ ದಿನದ್ದನ್ನು ನಾಶಪಡಿಸುವುದಕ್ಕೂ ವ್ಯತ್ಯಾಸವಿಲ್ಲ. ಮತ್ತೊಬ್ಬರ ಹಿತಕ್ಕಾಗಿ ಒಂದು ಮಾನವ ಜೀವವನ್ನು ಸಾಧನವಾಗಿ ಬಳಸಬಾರದೆಂಬುದು ಇದರ ಮುಖ್ಯ ಆಕ್ಷೇಪ.

ಸ್ಥಾನವಿಲ್ಲವೆಂಬ ನಿಲುವು: ನೈತಿಕ ಹಕ್ಕುಗಳು ಸಂವೇದನೆ, ಅರಿವು ಅಥವಾ ಆಸಕ್ತಿಗಳನ್ನು ಹೊಂದಿದ ಜೀವಿಗಳಿಗೆ ಮಾತ್ರ ಸಲ್ಲುತ್ತವೆ, ನರಕೋಶವೂ ಇಲ್ಲದ ಜೀವಕೋಶಗಳ ಗುಂಪಿಗೆ ಅವು ಅನ್ವಯಿಸುವುದಿಲ್ಲ. ಈ ಪಕ್ಷದವರು ಹದಿನಾಲ್ಕು ದಿನಗಳ ಮಿತಿಯನ್ನು ಅನಗತ್ಯವಾಗಿ ಕಠಿಣವೆಂದು ಭಾವಿಸುತ್ತಾರೆ.

ಕ್ರಮಿಕ ಸ್ಥಾನದ ನಿಲುವು: ಭ್ರೂಣಕ್ಕೆ ಆರಂಭದಿಂದಲೇ ಸ್ವಲ್ಪ ಗೌರವ ಸಲ್ಲಬೇಕು, ಬೆಳೆದಂತೆ ಅದರ ಹಕ್ಕೂ ಬೆಳೆಯುತ್ತದೆ. ಹದಿನಾಲ್ಕು ದಿನಗಳ ನಿಯಮಕ್ಕೆ ಅತಿ ಸಮೀಪವಾದದ್ದು ಈ ನಿಲುವು. ಅವಳಿಗಳಾಗುವ ಸಾಧ್ಯತೆ ಇರುವವರೆಗೆ ಭ್ರೂಣವು ಒಬ್ಬನಾಗುವುದೋ ಇಬ್ಬರಾಗುವುದೋ ನಿಶ್ಚಯವಿಲ್ಲ, ಆದ್ದರಿಂದ ಆ ಹಂತದಲ್ಲಿ ‘ವ್ಯಕ್ತಿ’ ಎಂಬ ಮಾತು ಹೊಂದುವುದಿಲ್ಲ ಎಂಬ ವಾದ ಇದಕ್ಕೆ ಪೂರಕವಾಗಿ ಬಂದಿತು. ಒಂದು ಜೀವ ಮುಂದೆ ಎರಡಾಗಬಹುದೆಂಬ ಮಾತ್ರಕ್ಕೆ ಈಗ ಅದು ಒಂದಲ್ಲ ಎನ್ನಲಾಗದು ಎಂಬುದು ಎದುರುಪಕ್ಷದ ಉತ್ತರ.

ಹದಿನಾಲ್ಕು ದಿನಗಳೊಳಗಿನ ಭ್ರೂಣವನ್ನು ‘ಭ್ರೂಣಪೂರ್ವ’ ಎಂಬ ಬೇರೆ ಹೆಸರಿನಿಂದ ಕರೆಯಬೇಕೆಂದು ಮೆಕ್‌ಲಾರೆನ್ ಮೊದಲಾದವರು ಸೂಚಿಸಿದ್ದರು. ಹೆಸರು ಬದಲಿಸಿ ಪ್ರಶ್ನೆಯನ್ನೇ ಮರೆಸುವ ಯತ್ನವಿದು ಎಂಬ ಟೀಕೆ ಬಂದು, ಆ ಪದ ಕಾನೂನಿನಲ್ಲಿ ನೆಲೆಯೂರಲಿಲ್ಲ.

ವಿವಿಧ ದೇಶಗಳಲ್ಲಿ

ಭ್ರೂಣ ಸಂಶೋಧನೆಯ ಬಗ್ಗೆ ದೇಶಗಳು ತಳೆದ ನಿಲುವುಗಳಲ್ಲಿ ದೊಡ್ಡ ಅಂತರವಿದೆ.

- ಜರ್ಮನಿ: 1990ರಲ್ಲಿ ಅಂಗೀಕೃತವಾಗಿ 1991ರ ಜನವರಿ 1ರಿಂದ ಜಾರಿಗೆ ಬಂದ ಭ್ರೂಣ ಸಂರಕ್ಷಣಾ ಕಾಯಿದೆಯು ಭ್ರೂಣವನ್ನು ಅದರ ಸಂರಕ್ಷಣೆಯಲ್ಲದ ಬೇರಾವ ಉದ್ದೇಶಕ್ಕೂ ಬಳಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ನಾಜಿ ಆಡಳಿತದಲ್ಲಿ ವೈದ್ಯರು ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳ ನೆನಪು ಈ ಕಠಿಣ ನಿಲುವಿನ ಹಿನ್ನೆಲೆಯಲ್ಲಿದೆ. 2002ರ ಆಕರಕೋಶ ಕಾಯಿದೆಯು ನಿಗದಿತ ದಿನಾಂಕಕ್ಕೆ ಮೊದಲು ವಿದೇಶಗಳಲ್ಲಿ ಸಿದ್ಧವಾದ ಕೋಶಗಳ ಆಮದಿಗೆ ಮಾತ್ರ ಅವಕಾಶ ನೀಡಿತು.
- ಇಟಲಿ: 2004ರ 40ನೇ ಸಂಖ್ಯೆಯ ಕಾನೂನು ಭ್ರೂಣಗಳ ಮೇಲಿನ ಪ್ರಯೋಗವನ್ನು ನಿಷೇಧಿಸಿತು.
- ಸ್ವಿಟ್ಜರ್ಲೆಂಡ್: ಆಕರಕೋಶಗಳನ್ನು ಪಡೆಯಲು ಏಳು ದಿನಗಳ ಮಿತಿಯನ್ನು ಇರಿಸಿಕೊಂಡಿದೆ.
- ಕೆನಡಾ, ಆಸ್ಟ್ರೇಲಿಯ, ಸ್ವೀಡನ್: ಹದಿನಾಲ್ಕು ದಿನಗಳ ಮಿತಿಯನ್ನು ಕಾನೂನಿನಲ್ಲಿ ಸೇರಿಸಿಕೊಂಡಿವೆ.
- ಚೀನಾ: 2003ರ ಮಾರ್ಗಸೂಚಿಯ ಮೂಲಕ ಇದೇ ಮಿತಿಯನ್ನು ವಿಧಿಸಿತು.
- ಅಮೆರಿಕ ಸಂಯುಕ್ತ ಸಂಸ್ಥಾನ: ಒಕ್ಕೂಟದ ಮಟ್ಟದಲ್ಲಿ ಇಂತಹ ಕಾನೂನಿಲ್ಲ. 1996ರಿಂದ ಡಿಕ್ಕಿ–ವಿಕರ್ ತಿದ್ದುಪಡಿಯು ಭ್ರೂಣವನ್ನು ಸೃಷ್ಟಿಸುವ ಅಥವಾ ನಾಶಪಡಿಸುವ ಸಂಶೋಧನೆಗೆ ಒಕ್ಕೂಟದ ಹಣ ಬಳಸುವುದನ್ನು ತಡೆದಿದೆ. ಖಾಸಗಿ ಹಣದ ಸಂಶೋಧನೆ ಆಯಾ ರಾಜ್ಯದ ಕಾನೂನಿಗೆ ಒಳಪಡುತ್ತದೆ.

ಯುರೋಪ್ ಮಂಡಳಿಯ 1997ರ ಓವಿಯೆಡೋ ಒಪ್ಪಂದದ 18ನೇ ವಿಧಿಯು, ಭ್ರೂಣ ಸಂಶೋಧನೆಗೆ ಅವಕಾಶವಿರುವ ಕಡೆ ಭ್ರೂಣಕ್ಕೆ ತಕ್ಕ ರಕ್ಷಣೆ ಇರಬೇಕೆಂದು ಹೇಳುತ್ತದೆ. ಸಂಶೋಧನೆಗೆಂದೇ ಭ್ರೂಣವನ್ನು ಸೃಷ್ಟಿಸುವುದನ್ನು ನಿಷೇಧಿಸುತ್ತದೆ. ತನ್ನ ಕಾನೂನು ಹೆಚ್ಚು ಉದಾರವಾಗಿರುವ ಬ್ರಿಟನ್ ಮತ್ತು ತನ್ನ ಕಾನೂನು ಹೆಚ್ಚು ಕಠಿಣವಾಗಿರುವ ಜರ್ಮನಿ ಎರಡೂ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ.

ಭಾರತದಲ್ಲಿ

ಭಾರತದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ 70 ದಿನಗಳಲ್ಲಿ, ಅಕ್ಟೋಬರ್ 3, 1978ರಂದು ಕೋಲ್ಕತ್ತದಲ್ಲಿ ಜನಿಸಿತು. ಇದನ್ನು ಸಾಧಿಸಿದ ಡಾ. ಸುಭಾಷ್ ಮುಖೋಪಾಧ್ಯಾಯ ಅವರು ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು ಆನಂತರ ಗರ್ಭಕೋಶಕ್ಕೆ ಸೇರಿಸಿದ್ದರು. ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರ ಜೂನ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ವೈಜ್ಞಾನಿಕವಾಗಿ ದಾಖಲಾದ ಮೊದಲ ಭಾರತೀಯ ಪ್ರನಾಳ ಶಿಶು 1986ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ. ಸಿ. ಆನಂದಕುಮಾರ್ ಅವರ ತಂಡದ ಪ್ರಯತ್ನದಿಂದ ಜನಿಸಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದಕುಮಾರ್, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗನೆಂಬ ಗೌರವ ಅವರಿಗೇ ಸಲ್ಲಬೇಕೆಂದು 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು.

ಆರಂಭ ಇಷ್ಟು ಬೇಗ ಆಗಿದ್ದರೂ ಶಾಸನ ಬರಲು 43 ವರ್ಷಗಳು ಬೇಕಾದವು. ಅಲ್ಲಿಯವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಗಳೇ ಆಧಾರವಾಗಿದ್ದವು. 2005ರಲ್ಲಿ ಮಂಡಳಿಯು ಸಂತಾನೋತ್ಪತ್ತಿ ನೆರವು ಚಿಕಿತ್ಸಾಲಯಗಳಿಗೆ ಮಾರ್ಗಸೂಚಿಯನ್ನು ಹೊರಡಿಸಿತು. ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ ಸೇರಿ 2007ರಲ್ಲಿ ಹೊರತಂದು, 2013 ಮತ್ತು 2017ರಲ್ಲಿ ಪರಿಷ್ಕರಿಸಿದ ಆಕರಕೋಶ ಸಂಶೋಧನಾ ಮಾರ್ಗಸೂಚಿಗಳಲ್ಲಿ ಹದಿನಾಲ್ಕು ದಿನಗಳ ಅಥವಾ ಆದಿರೇಖೆಯ ಮಿತಿಯನ್ನು ಮೀರಿ ಭ್ರೂಣವನ್ನು ಬೆಳೆಸುವುದು ನಿಷಿದ್ಧ ಸಂಶೋಧನೆಗಳ ಪಟ್ಟಿಗೆ ಸೇರಿದೆ.

2022ರ ಜನವರಿ 25ರಿಂದ ಜಾರಿಗೆ ಬಂದ ‘ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021’ ಭ್ರೂಣದ ಬಗ್ಗೆ ಈ ಕೆಳಗಿನ ಮುಖ್ಯ ಉಪಬಂಧಗಳನ್ನು ಹೊಂದಿದೆ:

- ಫಲೀಕರಣದಿಂದ 56 ದಿನಗಳ ಅಂತ್ಯದವರೆಗಿನ ಜೀವಿಯನ್ನು ಭ್ರೂಣವೆಂದು ನಿರೂಪಿಸಲಾಗಿದೆ.
- ಭ್ರೂಣವನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಾಪಿಡುವಂತಿಲ್ಲ. ಆ ಬಳಿಕ ಅದು ತಾನಾಗಿ ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಸಮ್ಮತಿಯಿಂದ ನೋಂದಾಯಿತ ಸಂಶೋಧನಾ ಸಂಸ್ಥೆಗೆ ದಾನ ನೀಡಬಹುದು.
- ಭ್ರೂಣವನ್ನು ಮಾರುವುದು ನಿಷಿದ್ಧ. ಸಂಶೋಧನೆಗಾಗಿ ವಿದೇಶಕ್ಕೆ ಕಳುಹಿಸುವುದೂ ನಿಷಿದ್ಧ.
- ಗರ್ಭಕೋಶಕ್ಕೆ ಭ್ರೂಣವನ್ನು ಸೇರಿಸುವ ಮುನ್ನ ಯಾವಾಗ ಬೇಕಾದರೂ ಸಮ್ಮತಿಯನ್ನು ಹಿಂಪಡೆಯಬಹುದು.
- ಲಿಂಗವನ್ನು ಆರಿಸಿಕೊಂಡು ಸಂತಾನ ಒದಗಿಸುವುದು ಶಿಕ್ಷಾರ್ಹ ಅಪರಾಧ.

ಕೊನೆಯ ಅಂಶ ಭಾರತದ ಸನ್ನಿವೇಶಕ್ಕೆ ವಿಶಿಷ್ಟವಾದದ್ದು. ಪಾಶ್ಚಾತ್ಯ ದೇಶಗಳಲ್ಲಿ ಭ್ರೂಣದ ಚರ್ಚೆ ಹೆಚ್ಚಾಗಿ ಗರ್ಭಪಾತದ ಹಕ್ಕಿನ ಸುತ್ತ ಬೆಳೆದರೆ, ಇಲ್ಲಿ ಅದು ಹೆಣ್ಣು ಭ್ರೂಣಹತ್ಯೆಯ ಸಾಮಾಜಿಕ ಪಿಡುಗಿನ ಸುತ್ತ ಬೆಳೆಯಿತು. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯಿದೆಯನ್ನು 2003ರಲ್ಲಿ ತಿದ್ದಿ, ಗರ್ಭಧಾರಣೆಗೆ ಮುಂಚಿನ ಲಿಂಗ ಆಯ್ಕೆಯನ್ನೂ ಅದರ ವ್ಯಾಪ್ತಿಗೆ ತರಲಾಯಿತು. ಇನ್ನೊಂದೆಡೆ 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆಯು, 2021ರ ತಿದ್ದುಪಡಿಯ ನಂತರ, ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ 20 ವಾರಗಳವರೆಗೂ ನಿಗದಿತ ವರ್ಗದ ಸ್ತ್ರೀಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೂ ಗರ್ಭಸಮಾಪ್ತಿಗೆ ಅವಕಾಶ ನೀಡುತ್ತದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 20ನೇ ಪ್ರಕರಣದಂತೆ, ಆಸ್ತಿಯ ಒಡೆಯ ಮರಣಹೊಂದಿದಾಗ ಗರ್ಭದಲ್ಲಿದ್ದು ಮುಂದೆ ಜೀವಂತವಾಗಿ ಹುಟ್ಟಿದ ಮಗುವಿಗೆ ಆಸ್ತಿಯಲ್ಲಿ ಪಾಲುಂಟು. ಆದರೆ ಆ ಹಕ್ಕು ಫಲಿಸುವುದು ಜನನದಿಂದ. ಹೀಗೆ ಭಾರತೀಯ ಕಾನೂನು ಒಂದೇ ಕಡೆ ಭ್ರೂಣದ ಸ್ಥಾನವನ್ನು ಸಾರದೆ, ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಪ್ರಮಾಣದ ರಕ್ಷಣೆಯನ್ನು ನೀಡಿದೆ.

ಶೈತ್ಯದಲ್ಲಿರಿಸಿದ ಭ್ರೂಣಗಳು ಮತ್ತು ನ್ಯಾಯಾಲಯಗಳು

ಹದಿನಾಲ್ಕು ದಿನಗಳ ಎಣಿಕೆ ನಿಂತುಹೋದ ಭ್ರೂಣಗಳು, ಅಂದರೆ ದ್ರವ ಸಾರಜನಕದಲ್ಲಿ ಕಾಪಿಟ್ಟವು, ನ್ಯಾಯಾಲಯಗಳ ಮುಂದೆ ಬೇರೆ ರೀತಿಯ ಪ್ರಶ್ನೆಗಳನ್ನು ತಂದಿವೆ. ಅಮೆರಿಕದ ಟೆನೆಸಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಡೇವಿಸ್ ದಂಪತಿಯ ವಿಚ್ಛೇದನ ಪ್ರಕರಣದಲ್ಲಿ, ಭ್ರೂಣಗಳು ವ್ಯಕ್ತಿಗಳೂ ಅಲ್ಲ, ಆಸ್ತಿಯೂ ಅಲ್ಲ, ವಿಶೇಷ ಗೌರವಕ್ಕೆ ಅರ್ಹವಾದ ನಡುವಣ ವರ್ಗಕ್ಕೆ ಸೇರಿದವು ಎಂದು ತೀರ್ಪು ನೀಡಿತು.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2007ರಲ್ಲಿ ನಿರ್ಣಯಿಸಿದ ಎವಾನ್ಸ್ ಪ್ರಕರಣ ಇನ್ನಷ್ಟು ಜಟಿಲವಾಗಿತ್ತು. ಬ್ರಿಟನ್ನಿನ ಮಹಿಳೆಯೊಬ್ಬರ ಅಂಡಾಶಯಗಳನ್ನು ರೋಗದ ನಿಮಿತ್ತ ತೆಗೆದುಹಾಕಬೇಕಾಗಿ ಬಂದು, ಅದಕ್ಕೆ ಮೊದಲು ಅವರ ಅಂಡಾಣುಗಳಿಂದ ಆರು ಭ್ರೂಣಗಳನ್ನು ಸಿದ್ಧಪಡಿಸಲಾಗಿತ್ತು. ಆನಂತರ ಅವರ ಸಂಗಾತಿ ದೂರವಾಗಿ ತನ್ನ ಸಮ್ಮತಿಯನ್ನು ಹಿಂತೆಗೆದುಕೊಂಡರು. ಸ್ವಂತ ಮಗುವನ್ನು ಪಡೆಯಲು ಆಕೆಗೆ ಉಳಿದಿದ್ದ ಏಕೈಕ ದಾರಿ ಆ ಭ್ರೂಣಗಳೇ. ಭ್ರೂಣಕ್ಕೆ ಜೀವಿಸುವ ಹಕ್ಕು ಒಪ್ಪಂದದ 2ನೇ ವಿಧಿಯಡಿ ಲಭ್ಯವಿಲ್ಲವೆಂದು ನ್ಯಾಯಾಲಯ ಸರ್ವಾನುಮತದಿಂದಲೂ, ಸಮ್ಮತಿ ಹಿಂಪಡೆಯುವ ಕಾನೂನು ಆಕೆಯ ಖಾಸಗಿ ಜೀವನದ ಹಕ್ಕನ್ನು ಭಂಗಿಸಿಲ್ಲವೆಂದು 13–4 ಬಹುಮತದಿಂದಲೂ ಹೇಳಿತು.

ಕೋಸ್ಟರಿಕಾದ ಸಾಂವಿಧಾನಿಕ ಪೀಠವು 2000ದಲ್ಲಿ ಭ್ರೂಣದ ಜೀವಿಸುವ ಹಕ್ಕಿನ ಆಧಾರದಿಂದ ಪ್ರನಾಳ ಫಲೀಕರಣವನ್ನೇ ತಡೆದಿತ್ತು. ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯವು 2012ರಲ್ಲಿ ಈ ನಿಷೇಧ ಮಾನವ ಹಕ್ಕುಗಳಿಗೆ ವಿರುದ್ಧವೆಂದು ಸಾರಿತು. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಅಲಬಾಮ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿಯಲ್ಲಿ, 1872ರ ಕಾನೂನೊಂದನ್ನು ಅರ್ಥೈಸುತ್ತ, ಶೈತ್ಯದಲ್ಲಿರಿಸಿದ ಭ್ರೂಣಗಳೂ ‘ಮಕ್ಕಳೇ’ ಎಂದು ತೀರ್ಪಿತ್ತಿತು. ರಾಜ್ಯದ ಹಲವು ಚಿಕಿತ್ಸಾಲಯಗಳು ಸೇವೆಯನ್ನು ನಿಲ್ಲಿಸಿದವು. ಚಿಕಿತ್ಸೆಯ ನಡುವೆ ಇದ್ದ ದಂಪತಿಗಳು ಕಂಗೆಟ್ಟರು. ಮೂರು ವಾರಗಳೊಳಗೆ ಶಾಸನಸಭೆಯು ಚಿಕಿತ್ಸಾಲಯಗಳಿಗೆ ಕಾನೂನು ರಕ್ಷಣೆ ನೀಡುವ ಮಸೂದೆಯನ್ನು ಅಂಗೀಕರಿಸಿತು. ಭ್ರೂಣಕ್ಕೆ ಕೊಡುವ ಹೆಸರು ಬರಿಯ ಪದವಲ್ಲ, ಅದರಿಂದ ಚಿಕಿತ್ಸೆ ಪಡೆಯುವವರ ಬದುಕೂ ಬದಲಾಗುತ್ತದೆ ಎಂಬುದನ್ನು ಈ ಪ್ರಕರಣ ತೋರಿಸಿತು.

ಮರುಪರಿಶೀಲನೆಯ ಬೇಡಿಕೆ

ನಿಯಮ ರೂಪುಗೊಂಡು ಮೂರು ದಶಕಗಳವರೆಗೂ ಹದಿನಾಲ್ಕನೆಯ ದಿನವನ್ನು ತಲುಪುವುದೇ ಯಾರಿಗೂ ಸಾಧ್ಯವಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಭ್ರೂಣಗಳು ಅದಕ್ಕೂ ಬಹಳ ಮೊದಲೇ ಸಾಯುತ್ತಿದ್ದವು. ಅಂದರೆ ಕಾನೂನು ನಿಷೇಧಿಸಿದ್ದನ್ನು ಪ್ರಕೃತಿಯೂ ತಡೆದಿತ್ತು. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮಗ್ದಲೇನಾ ಜೆರ್ನಿಕಾ-ಗೋಟ್ಸ್ ಹಾಗೂ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಅಲಿ ಬ್ರಿವನ್ಲೂ ಅವರ ತಂಡಗಳು ಭ್ರೂಣವನ್ನು 12–13 ದಿನಗಳವರೆಗೆ ಬೆಳೆಸಿ, ಕಾನೂನಿನ ಕಾರಣದಿಂದ ಪ್ರಯೋಗವನ್ನು ಅಲ್ಲಿಗೆ ನಿಲ್ಲಿಸಿದವು. ನಿಯಮವು ಸಂಶೋಧಕರ ಕೈಯನ್ನು ನಿಜವಾಗಿ ಕಟ್ಟಿದ್ದು ಆಗಲೇ.

ಮಿತಿಯನ್ನು ಸಡಿಲಿಸಬೇಕೆನ್ನುವವರ ಪ್ರಕಾರ, ಮೂರನೆಯ ಮತ್ತು ನಾಲ್ಕನೆಯ ವಾರಗಳಲ್ಲಿ ಹೃದಯ, ನರಮಂಡಲ ಮೊದಲಾದ ಅಂಗಗಳ ಅಡಿಪಾಯ ಬೀಳುತ್ತದೆ. ಅನೇಕ ಜನ್ಮಜಾತ ದೋಷಗಳ ಮತ್ತು ಗರ್ಭಸ್ರಾವಗಳ ಮೂಲ ಈ ಅವಧಿಯಲ್ಲಿದ್ದರೂ ವಿಜ್ಞಾನಕ್ಕೆ ಅದು ಬಹುತೇಕ ಅಗೋಚರವಾಗಿಯೇ ಉಳಿದಿದೆ. ಅಂತರರಾಷ್ಟ್ರೀಯ ಆಕರಕೋಶ ಸಂಶೋಧನಾ ಸಂಘವು 2021ರಲ್ಲಿ ಈ ಸಂಶೋಧನೆಯನ್ನು ಪೂರ್ಣ ನಿಷೇಧದ ವರ್ಗದಿಂದ ತೆಗೆದು, ಸಾರ್ವಜನಿಕ ಚರ್ಚೆ ನಡೆಸುವಂತೆ ಕರೆ ನೀಡಿತು. ನೆದರ್ಲೆಂಡ್ಸ್‌ನ ಆರೋಗ್ಯ ಮಂಡಳಿ 2023ರಲ್ಲಿ ಮಿತಿಯನ್ನು 28 ದಿನಗಳಿಗೆ ವಿಸ್ತರಿಸಲು ಶಿಫಾರಸು ಮಾಡಿತು.

ವಿರೋಧಿಸುವವರು ಎರಡು ಬಗೆಯವರು. ಮಿತಿಯನ್ನು ಎಂದೂ ಒಪ್ಪದವರು, ಇದು ಮುಂದೆ ಸರಿಯುತ್ತಲೇ ಹೋಗುವ ಗಡಿ ಎಂದು ಮೊದಲೇ ಹೇಳಿದ್ದೆವು ಎನ್ನುತ್ತಾರೆ. ಮಿತಿಯನ್ನು ಒಪ್ಪಿದವರಲ್ಲಿಯೂ ಕೆಲವರು, ಗಡಿಯನ್ನು ತಲುಪಲು ಸಾಧ್ಯವಾದ ಕೂಡಲೇ ಅದನ್ನು ಸರಿಸಿದರೆ ಕೊಟ್ಟ ಮಾತಿಗೆ ಬೆಲೆಯೇನು ಎಂದು ಕೇಳುತ್ತಾರೆ. ಮೇರಿ ವಾರ್ನಾಕ್ ತಮ್ಮ ಕೊನೆಯ ವರ್ಷಗಳಲ್ಲಿಯೂ ಮಿತಿಯನ್ನು ಅವಸರದಿಂದ ಬದಲಿಸುವುದರ ಬಗ್ಗೆ ಎಚ್ಚರಿಕೆ ವ್ಯಕ್ತಪಡಿಸಿದ್ದರು.

ಭ್ರೂಣದ ಮಾದರಿಗಳು

ಅಂಡಾಣು ಮತ್ತು ವೀರ್ಯಾಣುಗಳಿಲ್ಲದೆ, ಆಕರಕೋಶಗಳಿಂದಲೇ ಭ್ರೂಣವನ್ನು ಹೋಲುವ ರಚನೆಗಳನ್ನು ಬೆಳೆಸುವ ತಂತ್ರವು ನಿಯಮಕ್ಕೆ ಹೊಸ ಸವಾಲೊಡ್ಡಿದೆ. 2023ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೇಕಬ್ ಹನ್ನಾ ಅವರ ತಂಡವು ಹದಿನಾಲ್ಕನೆಯ ದಿನದ ಭ್ರೂಣವನ್ನು ಹೋಲುವ ಮಾದರಿಯನ್ನು ಪ್ರಕಟಿಸಿತು. ಇವುಗಳಲ್ಲಿ ಫಲೀಕರಣವೇ ನಡೆಯದಿರುವುದರಿಂದ ‘ಮೊದಲ ದಿನ’ ಯಾವುದೆಂದು ಹೇಳಲಾಗದು; ಕೆಲವು ಮಾದರಿಗಳು ಆರಂಭದ ಹಂತಗಳನ್ನು ಬಿಟ್ಟು ನೇರವಾಗಿ ಮುಂದಿನ ಹಂತವನ್ನೇ ತಲುಪುತ್ತವೆ. ದಿನಗಳನ್ನು ಎಣಿಸುವ ನಿಯಮ ಇಲ್ಲಿ ಅನ್ವಯಿಸುವುದು ಕಷ್ಟ. ಆಸ್ಟ್ರೇಲಿಯದ ನಿಯಂತ್ರಣ ಸಮಿತಿಯು 2021ರಲ್ಲಿ ಮೆಲ್ಬರ್ನಿನಲ್ಲಿ ರೂಪುಗೊಂಡ ಇಂತಹ ಮಾದರಿಗಳನ್ನು ಭ್ರೂಣಗಳೆಂದೇ ಪರಿಗಣಿಸಿ ಅಲ್ಲಿನ ಕಾನೂನಿಗೆ ಒಳಪಡಿಸಿತು. ಇತರ ಹಲವು ದೇಶಗಳ ಕಾನೂನುಗಳಲ್ಲಿ ಇವುಗಳ ಉಲ್ಲೇಖವಿಲ್ಲ.

ಭ್ರೂಣವೆಂದರೇನು ಎಂಬ ಪ್ರಶ್ನೆಯನ್ನು ವಾರ್ನಾಕ್ ಸಮಿತಿ ಜೀವವಿಜ್ಞಾನಕ್ಕೆ ಬಿಟ್ಟುಕೊಟ್ಟು, ಅದರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಾತ್ರ ನಿರ್ಧರಿಸಿತ್ತು. ಈ ಮಾದರಿಗಳ ಎದುರಿನಲ್ಲಿ ಮೊದಲನೆಯ ಪ್ರಶ್ನೆಯೂ ಶಾಸಕರ ಮುಂದೆ ಬಂದು ನಿಂತಿದೆ.